ಓದುಗರ ಪ್ರಶ್ನೆ, ನಮ್ಮ ಉತ್ತರ: ಈರುಳ್ಳಿ ಬೇರು, ಕಳಲೆ ಮತ್ತು ಕೋಶದ ಗೋಡೆ

ಪ್ರಶ್ನೆ: ಈರುಳ್ಳಿ ಬೇರಿನ ತುದಿಗೆ ಅಸಿಟೋಕಾರ್ಮಿನ್ ಬಣ್ಣ ಹಾಕಿ, ಹಿಸುಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ ಕೋಶಗಳಷ್ಟೇ ಕಾಣುತ್ತವೆ. ವಿಭಜನೆಯಾಗುತ್ತಿರುವ ಕೋಶ ಒಂದೂ ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ದ್ವಿತೀಯ ಪಿಯು ವಿದ್ಯಾರ್ಥಿನಿ, ತಿಪಟೂರು)

ಉತ್ತರ: "ಉದ್ದುದ್ದ ಕೋಶಗಳು" ಎಂದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ನೀವು ನೋಡುತ್ತಿರುವುದು ತುದಿಯನ್ನಲ್ಲ, ತುದಿಯ ಹಿಂದಿನ ಭಾಗವನ್ನು. ಬೇರಿನ ಕೊನೆಗೆ ಟೋಪಿಯಂಥ ಹೊದಿಕೆ ಇರುತ್ತದೆ. ಅದರ ಬೆನ್ನಿಗಿರುವ ಒಂದೆರಡು ಮಿಲಿಮೀಟರ್ ಜಾಗದಲ್ಲಷ್ಟೇ ಕೋಶಗಳು ಬಿಡದೆ ಒಡೆದು ಎರಡಾಗುತ್ತಿರುತ್ತವೆ. ಅದನ್ನು ದಾಟಿದರೆ ವಿಭಜನೆ ನಿಂತು ಉದ್ದವಾಗುವ ಕೆಲಸ ಶುರು. ಒಂದು ಸೆಂಟಿಮೀಟರ್ ಬೇರನ್ನು ಹಾಗೇ ಗಾಜಿನ ಮೇಲಿಟ್ಟರೆ ಬೇಕಾದ ಕೋಶಗಳು ಬೇಡದವುಗಳ ನಡುವೆ ಕಳೆದುಹೋಗುತ್ತವೆ.

ಮೊದಲಿನಿಂದ ಹೀಗೆ ಮಾಡಿ. ಗಡ್ಡೆಯ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಿ, ದಿನಾ ನೀರು ಬದಲಿಸಿ. ಮೂರ್ನಾಲ್ಕು ದಿನದಲ್ಲಿ 2–3 ಸೆಂಟಿಮೀಟರ್ ಬೇರು ಬರಬೇಕು. ಬಾರದಿದ್ದರೆ ಗಡ್ಡೆ ಬದಲಿಸಿ. ಮೊಳಕೆಯೊಡೆಯದಿರಲೆಂದು ವಿಕಿರಣ ಹಾಯಿಸಿದ ಈರುಳ್ಳಿಯಲ್ಲಿ ವಿಭಜನೆಯೇ ಕುಂಠಿತವಾಗಿರುತ್ತದೆ. ಸಾಂಬಾರ್ ಈರುಳ್ಳಿಯೋ ಬೆಳ್ಳುಳ್ಳಿ ಎಸಳೋ ಆದರೂ ಆದೀತು, ಎರಡರಲ್ಲೂ ಈರುಳ್ಳಿಯಂತೆಯೇ ಕೋಶಕ್ಕೆ 16 ವರ್ಣತಂತುಗಳು (ಕ್ರೋಮೋಸೋಮ್).

ಬೆಳಗಿನ ಹೊತ್ತು ಬೇರಿನ ತುದಿಗಳನ್ನು ಕತ್ತರಿಸಿ, ಕೂಡಲೇ ಮೂರು ಪಾಲು ಈಥೈಲ್ ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕಿ 24 ಗಂಟೆ ಬಿಡಿ. ಮಿಶ್ರಣ ಆಗಲೇ ತಯಾರಿಸಿದ್ದಾಗಿರಲಿ, ಇಟ್ಟು ಹಳತಾದದ್ದು ಬೇಡ. ಆಮೇಲೆ 70% ಆಲ್ಕೋಹಾಲಿನಲ್ಲಿ ತೆಗೆದಿಡಬಹುದು. ಬಣ್ಣ ಕೊಡುವಾಗ ವಾಚ್‌ಗ್ಲಾಸಿನಲ್ಲಿ 9 ಹನಿ ಅಸಿಟೋಕಾರ್ಮಿನ್, 1 ಹನಿ 1 ನಾರ್ಮಲ್ (1N) ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲ. ಆ ಒಂದು ಹನಿ ಆಮ್ಲವನ್ನು ಅನೇಕರು ಮರೆಯುತ್ತಾರೆ. ಕೋಶಕ್ಕೆ ಕೋಶವನ್ನು ಅಂಟಿಸಿರುವ ಪೆಕ್ಟಿನ್ ಸಡಿಲವಾಗುವುದು ಅದರಿಂದಲೇ. ಆಮ್ಲ ಬೀಳದಿದ್ದರೆ ಎಷ್ಟು ಒತ್ತಿದರೂ ಕೋಶಗಳು ಗುಂಪುಗುಂಪಾಗಿಯೇ ಉಳಿಯುತ್ತವೆ. ಸ್ಪಿರಿಟ್ ದೀಪದ ಮೇಲೆ ಹಬೆ ಏಳುವಷ್ಟು ಬಿಸಿ ಮಾಡಿ, ಕುದಿಸಬೇಡಿ.

ಈಗ ಬೇರನ್ನು ಎತ್ತಿ ನೋಡಿ. ತುದಿಯ ತುಸು ಭಾಗ ಉಳಿದದ್ದಕ್ಕಿಂತ ಗಾಢ ಕೆಂಪಾಗಿರುತ್ತದೆ. ಅಲ್ಲಿ ಕೋಶಗಳು ಪುಟ್ಟವು, ಕೋಶಕೇಂದ್ರಗಳು ದೊಡ್ಡವು, ಹಾಗಾಗಿ ಬಣ್ಣ ಹೆಚ್ಚು ಹಿಡಿಯುತ್ತದೆ. ಆ ಕೆಂಪು ಚುಕ್ಕಿಯನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಸಾಡಿ. ಹನಿ ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಬ್ಲಾಟಿಂಗ್ ಪೇಪರ್ ಮಡಿಸಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಕವರ್‌ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಂಡು ಸ್ಲೈಡ್ ಹಾಳು.

ಎಲ್ಲ ಸರಿಯಾದರೂ 100 ಕೋಶಗಳಲ್ಲಿ ವಿಭಜನೆಯಲ್ಲಿ ಸಿಗುವುದು ಸುಮಾರು 5ರಿಂದ 15. ಕೋಶದ ಬದುಕಿನಲ್ಲಿ ಹೆಚ್ಚಿನ ಸಮಯ ಬೆಳೆಯುವುದಕ್ಕೂ ಡಿಎನ್‌ಎ ನಕಲು ಮಾಡುವುದಕ್ಕೂ ಹೋಗುತ್ತದೆ. ಸಿಕ್ಕವುಗಳಲ್ಲೂ ವಿಭಜನೆಯ ಮೊದಲ ಹಂತವಾದ ಪ್ರೊಫೇಸ್ ಹೆಚ್ಚು. ವರ್ಣತಂತುಗಳು ಎರಡು ಬದಿಗೆ ಸರಿಯುವ ಅನಾಫೇಸ್ ಬೇಗ ಮುಗಿದುಹೋಗುವುದರಿಂದ ಅಪರೂಪ. ಹೀಗಾಗಿ ಎಣಿಕೆಯೇ ಒಂದು ಗಡಿಯಾರ: ಒಂದು ವಿಭಜನೆಯಿಂದ ಮುಂದಿನದರವರೆಗಿನ ಇಡೀ ಚಕ್ರಕ್ಕೆ 20 ಗಂಟೆ ಹಿಡಿಯುತ್ತದೆಂದುಕೊಂಡರೆ, 200 ಕೋಶಗಳಲ್ಲಿ 20 ವಿಭಜನೆಯಲ್ಲಿದ್ದರೆ ವಿಭಜನೆಗೆ ತಗಲುವುದು ಹೆಚ್ಚುಕಡಿಮೆ 2 ಗಂಟೆ. ದಯವಿಟ್ಟು ಎಣಿಸಿ ನೋಡಿ. ಪುಸ್ತಕದ ಚಿತ್ರ ಬಿಡಿಸುವುದಕ್ಕಿಂತ ಇದರಲ್ಲಿ ಕಲಿಯುವುದು ಬಹಳ ಇದೆ.

ಪ್ರಶ್ನೆ: ಪ್ರಾಣಿಕೋಶ ನಡುವಿನಲ್ಲಿ ಕಿರಿದಾಗಿ ಎರಡಾಗುತ್ತದೆ. ಸಸ್ಯಕೋಶಕ್ಕೆ ಯಾಕೆ ಹಾಗಾಗದು? (ಪ್ರೌಢಶಾಲಾ ಶಿಕ್ಷಕರು, ಸಿರಸಿ)

ಉತ್ತರ: ಗೋಡೆ ಇರುವುದರಿಂದ. ಪ್ರಾಣಿಕೋಶದ ಪೊರೆಯ ಒಳಮೈಗೆ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ಉಂಗುರ ಮೂಡುತ್ತದೆ. ಸ್ನಾಯು ಕುಗ್ಗುವುದೂ ಈ ಎರಡರಿಂದಲೇ. ಚೀಲದ ಬಾಯಿಗೆ ದಾರ ಬಿಗಿದಂತೆ ಉಂಗುರ ಕುಗ್ಗಿ, ಹೊರಗಿನಿಂದ ಒಳಕ್ಕೆ ಕೋಶ ಇಬ್ಭಾಗವಾಗುತ್ತದೆ. ಸೆಲ್ಯುಲೋಸ್ ಗೋಡೆ ಹಾಗೆ ಮಡಿಯದು. ಅದಕ್ಕೇ ಸಸ್ಯಕೋಶ ನಡುವಿನಿಂದ ಹೊರಕ್ಕೆ ಹೊಸ ಗೋಡೆ ಕಟ್ಟುತ್ತದೆ. ಕೋಶದೊಳಗಿನ ಗಾಲ್ಗಿ ಎಂಬ ಭಾಗದಿಂದ ಬಂದ ಪುಟ್ಟ ಚೀಲಗಳು ನಡುವೆ ಸಾಲುಗೂಡಿ, ಒಂದರೊಳಗೊಂದು ಬೆಸೆದು ತಟ್ಟೆಯಾಗುತ್ತವೆ, ತಟ್ಟೆ ಹಿಗ್ಗುತ್ತಾ ಹಳೆಯ ಗೋಡೆ ಮುಟ್ಟುತ್ತದೆ. ಎಲ್ಲಿ ಮುಟ್ಟಬೇಕೆಂಬ ಗುರುತು ವರ್ಣತಂತುಗಳು ಸಾಲಾಗುವ ಮೊದಲೇ ಬಿದ್ದಿರುತ್ತದೆ. ಕೋಶ ಆಮೇಲೆ ಜಾಗ ಬದಲಿಸಲಾರದು, ಆದ್ದರಿಂದ ಎಲೆಯ, ಬೇರಿನ ಆಕಾರವೆಲ್ಲ ಈ ಗೋಡೆಗಳು ಯಾವ ದಿಕ್ಕಿಗೆ ಏಳುತ್ತವೆ, ಕೋಶಗಳು ಯಾವ ದಿಕ್ಕಿಗೆ ಹಿಗ್ಗುತ್ತವೆ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ: ಮಳೆಗಾಲದಲ್ಲಿ ಬಿದಿರಿನ ಕಳಲೆ ದಿನಕ್ಕೊಂದು ಅಡಿ ಏರುವುದುಂಟು. ಕೋಶಗಳು ಅಷ್ಟು ಬೇಗ ಒಡೆಯುತ್ತವೆಯೇ? (ಕೃಷಿಕರು, ಮಡಿಕೇರಿ)

ಉತ್ತರ: ವಿಭಜನೆಯೂ ಇದೆ, ಆದರೆ ಓಟಕ್ಕೆ ಮುಖ್ಯ ಕಾರಣ ನೀರು. ಕಳಲೆ ನೆಲದಿಂದ ಮೇಲೇಳುವ ಹೊತ್ತಿಗೆ ಗೆಣ್ಣುಗಳು ಬಹುತೇಕ ಒಳಗೇ ರೂಪುಗೊಂಡಿರುತ್ತವೆ. ಎರಡು ಗೆಣ್ಣುಗಳ ನಡುವಿನ ಪ್ರತಿ ಭಾಗದ ಬುಡದಲ್ಲಿ ಹೊಸ ಕೋಶ ಹುಟ್ಟಿಸುವ ಪಟ್ಟಿ ಇದ್ದು, ಹಲವು ಕಡೆ ಒಟ್ಟಿಗೇ ಬೆಳವಣಿಗೆ ನಡೆಯುತ್ತದೆ. ಹುಟ್ಟಿದ ಕೋಶ ಗೋಡೆಯನ್ನು ತುಸು ಆಮ್ಲೀಯವಾಗಿಸಿ ಸಡಿಲಿಸುತ್ತದೆ, ರಸದಾನಿಗೆ (ಕೋಶದೊಳಗಿನ ನೀರಿನ ಚೀಲಕ್ಕೆ) ನೀರು ತುಂಬಿಕೊಂಡು ಉದ್ದವಾಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಹೆಚ್ಚು! ಹೊಸ ಪ್ರೋಟೀನು ಹೆಚ್ಚು ಬೇಕಿಲ್ಲದ್ದರಿಂದ ಇದು ಅಗ್ಗದ ಬೆಳವಣಿಗೆ. ಪ್ರಾಣಿಕೋಶಕ್ಕೆ ಈ ದಾರಿಯಿಲ್ಲ. ದಪ್ಪವಾಗಿಸುವ ಕೋಶಪದರ ಬಿದಿರಿಗಿಲ್ಲ, ಕಳಲೆ ಎಷ್ಟು ದಪ್ಪ ಎದ್ದಿತೋ ಗಳವೂ ಅಷ್ಟೇ.

ಪ್ರಶ್ನೆ: ಕಾಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ಮನೆಯಲ್ಲೇ ದೊಡ್ಡ ಹೂ ಬಿಡುವ ಗಿಡ ಮಾಡಬಹುದೇ? (ಮೈಸೂರು)

ಉತ್ತರ: ಬೇಡ. ಕಾಲ್ಚಿಸಿನ್ ವರ್ಣತಂತುಗಳನ್ನು ಎಳೆಯುವ ಕದಿರಿನ (ಸ್ಪಿಂಡಲ್) ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ನಕಲಾದ ವರ್ಣತಂತುಗಳು ಒಂದೇ ಕೋಶದಲ್ಲಿ ಉಳಿದು ಸಂಖ್ಯೆ ಇಮ್ಮಡಿಯಾಗುತ್ತದೆ, ಅದರಿಂದ ಹೂ ದೊಡ್ಡದಾಗುವುದುಂಟು. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಇದನ್ನು ಈರುಳ್ಳಿ ಬೇರಿನಲ್ಲೇ ವಿವರಿಸಿದರು. ಬೀಜವಿಲ್ಲದ ಕಲ್ಲಂಗಡಿ ಬಂದದ್ದೂ ಹೀಗೆ: 22 ವರ್ಣತಂತುಗಳ ಗಿಡವನ್ನು 44ಕ್ಕೆ ಏರಿಸಿ, ಮತ್ತೆ 22ರದ್ದರೊಂದಿಗೆ ಕೂಡಿಸಿದರೆ 33. ಅದು ಸಮನಾಗಿ ಹಂಚಿಕೆಯಾಗದೆ ಬೀಜ ಕಟ್ಟುವುದಿಲ್ಲ. ಆದರೆ ಸಸ್ಯಗಳಿಗಿಂತ ನಮ್ಮ ಕೋಶಗಳೇ ಕಾಲ್ಚಿಸಿನ್‌ಗೆ ಬೇಗ ಸೋಲುತ್ತವೆ. ಗಿಡಕ್ಕೆ ಸಾಲದ ಪ್ರಮಾಣವೂ ಮನುಷ್ಯನಿಗೆ ವಿಷ. ನಮ್ಮ ಬೇಲಿಗಳಲ್ಲಿ ಹಬ್ಬುವ ಗೌರಿ ಹೂವಿನ ಬಳ್ಳಿಯಲ್ಲೂ, ಗಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚಾಗಿ, ಇದೇ ಕಾಲ್ಚಿಸಿನ್ ಇದೆ. ಆ ಗಡ್ಡೆಯನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.