ಫ್ರಾನ್ಸಿನಲ್ಲಿ ಓದುತ್ತಿರುವಾಗ ಬೇರೆ ಊರಿನ ಗೆಳೆಯನ ಹತ್ತಿರ ವಾರಾಂತ್ಯಕ್ಕೆ ಹೋಗಿಬರುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಲಿಯಾನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೀರಿ, ವಯಸ್ಸು 24, ಸಸ್ಯಾಹಾರಿ. ನಿಮ್ಮ ಬಿಇ ಕ್ಲಾಸ್‌ಮೇಟ್ ಸ್ಟ್ರಾಸ್‌ಬರ್ಗ್‌ನಲ್ಲಿ ಕ್ರೂಸ್ (ಸರ್ಕಾರಿ ವಿದ್ಯಾರ್ಥಿ ಸೇವಾ ಸಂಸ್ಥೆ) ಹಾಸ್ಟೆಲಿನ ರೂಮಿನಲ್ಲಿದ್ದಾನೆ. ಶುಕ್ರವಾರ ಹೋಗಿ ಭಾನುವಾರ ಬರಬೇಕು, ಖರ್ಚು ಕೈಮೀರಬಾರದು.

ಎಲ್ಲಕ್ಕಿಂತ ಮೊದಲು ವಾಪಸ್ ಬರುವ ಟಿಕೆಟ್ ನೋಡಿ. ಹೆಚ್ಚಿನವರು ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಖುಷಿಯಲ್ಲಿ ತೆಗೆದುಬಿಡುತ್ತಾರೆ, ಆಮೇಲೆ ಭಾನುವಾರ ಸಂಜೆಯ ದರ ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ ಅರ್ಧ ದೇಶವೇ ಶುಕ್ರವಾರ ಸಂಜೆ ಊರು ಬಿಟ್ಟು ಭಾನುವಾರ ಸಂಜೆ ವಾಪಸಾಗುತ್ತದೆ. ಟಿಜಿವಿ ಎಂಬ ಅತಿವೇಗದ ರೈಲಿನ ದರ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ ಕಿಲೋಮೀಟರ್ ಲೆಕ್ಕದ್ದಲ್ಲ. ಸೀಟು ತುಂಬುತ್ತಾ ಹೋದಂತೆ ಏರುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೆ ಕ್ಲಾಸ್ ಇಲ್ಲದಿದ್ದರೆ ಒಂದು ಗಂಟೆಯ ಆಸುಪಾಸಿನ ಗಾಡಿ ಹಿಡಿಯಿರಿ. ಬರುವಾಗ ಭಾನುವಾರ ಬೆಳಿಗ್ಗೆಯದನ್ನೋ, ಸೋಮವಾರ ಕ್ಲಾಸ್ ತಡವಾಗಿದ್ದರೆ ಸೋಮವಾರದ ಮೊದಲ ಗಾಡಿಯನ್ನೋ ನೋಡಿ. ಈ ಗಾಡಿಗಳಿಗೂ ಭಾನುವಾರ ಸಂಜೆಯ ಗಾಡಿಗೂ ಇರುವ ದರದ ವ್ಯತ್ಯಾಸದಲ್ಲೇ ಎರಡು ದಿನದ ಊಟದ ಖರ್ಚು ಹುಟ್ಟಿಬಿಡುವುದುಂಟು.

ಲಿಯಾನ್‌ನ ಪಾರ್ ದ್ಯೂ ನಿಲ್ದಾಣದಿಂದ ಸ್ಟ್ರಾಸ್‌ಬರ್ಗ್‌ಗೆ ನೇರ ಟಿಜಿವಿ ಇದೆ, ದಿನಕ್ಕೆ ಕೆಲವೇ. ಬೆಸಾನ್ಸೋಂ, ಮುಲೂಸ್ ಕಡೆಯಿಂದ ಹೋಗಿ ಸುಮಾರು ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ. ಎಸ್‌ಎನ್‌ಸಿಎಫ್ ಕನೆಕ್ಟ್ ಎಂಬ ಫ್ರೆಂಚ್ ರೈಲ್ವೆಯ ಆ್ಯಪ್ ನೇರ ಗಾಡಿ ಸಿಗದಾಗ ಪ್ಯಾರಿಸ್ ಮೂಲಕವೂ ದಾರಿ ತೋರಿಸುತ್ತದೆ. ಅಲ್ಲಿ ಒಂದು ವಿಷಯ ಗಮನಿಸಿ: ಲಿಯಾನ್‌ನಿಂದ ಹೋದ ಗಾಡಿ ನಿಲ್ಲುವುದು ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ, ಸ್ಟ್ರಾಸ್‌ಬರ್ಗ್ ಗಾಡಿ ಹೊರಡುವುದು ಗಾರ್ ದ ಲೆಸ್ಟ್‌ನಿಂದ. ನಡುವೆ ನೀವೇ ಪ್ಯಾರಿಸ್ ದಾಟಿಕೊಳ್ಳಬೇಕು. ಆರ್‌ಇಆರ್ ಡಿ ಎಂಬ ನಗರ ರೈಲು ಹಿಡಿದು ಗಾರ್ ದು ನೋರ್‌ನಲ್ಲಿ ಇಳಿದು ಅಲ್ಲಿಂದ ನಡೆಯುವುದು ಸುಲಭದ ದಾರಿ. ಆದರೂ ಒಂದು ಗಂಟೆಗಿಂತ ಕಮ್ಮಿ ಅಂತರ ಇಟ್ಟುಕೊಳ್ಳಬೇಡಿ.

ನಿಮ್ಮ ವಯಸ್ಸಿಗೆ ಕಾರ್ತ್ ಅವಾಂತಾಜ್ ಜೂನ್ ಎಂಬ ರೈಲು ರಿಯಾಯಿತಿ ಕಾರ್ಡ್ ಇಲ್ಲದೆ ಟಿಜಿವಿ ಹತ್ತುವುದು ದುಡ್ಡು ದಂಡ. 12ರಿಂದ 27 ವರ್ಷದವರಿಗೆ, ವರ್ಷಕ್ಕೆ 49 ಯೂರೋ. ಟಿಜಿವಿ ಇನ್ವಿ (ಅಂದರೆ ಮಾಮೂಲಿ ಟಿಜಿವಿ) ಮತ್ತು ಅಂತರ್‌ಸಿತೆ ಎಂಬ ದೂರದೂರಿನ ಸಾಮಾನ್ಯ ಗಾಡಿಗಳಲ್ಲಿ ಶೇ. 30 ಕಡಿತ. ಜೊತೆಗೆ ಎರಡನೇ ದರ್ಜೆಯಲ್ಲಿ ಮೂರು ಗಂಟೆ ಮೀರಿದ ಪ್ರಯಾಣಕ್ಕೆ 89 ಯೂರೋ ದಾಟದ ಹಾಗೆ ಮಿತಿ ಇದೆ. ಹಬ್ಬದ ಸಮಯದಲ್ಲಿ ನಿಜವಾಗಿ ಕೈಹಿಡಿಯುವುದು ಈ ಮಿತಿಯೇ. 28 ತುಂಬುವುದಕ್ಕೆ ಸ್ವಲ್ಪ ಮೊದಲು ಕೊಂಡರೂ ಪೂರ್ತಿ ಒಂದು ವರ್ಷ ನಡೆಯುತ್ತದೆ. ಅಗ್ಗದ ವಿಗೋ ಗಾಡಿಗಳಿಗೆ ಈ ರಿಯಾಯಿತಿ ಇಲ್ಲ. ಟಿಜಿವಿ ಇನ್ವಿ ಟಿಕೆಟನ್ನು ಹೊರಡುವ 7 ದಿನ ಮೊದಲಿನವರೆಗೆ ಪುಕ್ಕಟೆಯಾಗಿ ಬದಲಿಸಬಹುದು, ರದ್ದೂ ಮಾಡಬಹುದು. ಆಮೇಲೆ ಹಣ ಕಡಿತವಾಗುತ್ತದೆ. ಆದ್ದರಿಂದ ಪರೀಕ್ಷೆಯ ದಿನಾಂಕ ಖಚಿತವಾಗಿಲ್ಲದಿದ್ದರೂ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳಿ, ಆ ಏಳನೇ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ.

ಟಿಕೆಟ್ ಕೈತಪ್ಪಿ ದರ ಏರಿಬಿಟ್ಟರೆ ಬ್ಲಾಬ್ಲಾಕಾರ್ ಎಂಬ ಕಾರು ಹಂಚಿಕೊಳ್ಳುವ ಆ್ಯಪ್ ನೋಡಿ. ಲಿಯಾನ್–ಸ್ಟ್ರಾಸ್‌ಬರ್ಗ್ ರಸ್ತೆಯಲ್ಲಿ ಐನೂರು ಕಿಲೋಮೀಟರಿನ ಹತ್ತಿರ, ಐದು ಗಂಟೆ ಹಿಡಿಯುತ್ತದೆ. ಇಲ್ಲಿ ಹುಡುಕುವ ವಿಧಾನ ಮುಖ್ಯ. ಕೊನೆಯ ಊರನ್ನೇ ಹಾಕಿ ಹುಡುಕಿದರೆ ಸಿಗುವ ಕಾರು ಕಮ್ಮಿ. ಮುಲೂಸ್ ಅಥವಾ ಕೋಲ್ಮಾರ್ ಎಂದು ಹಾಕಿ ನೋಡಿ. ಅಲ್ಲಿಗೆ ಹೋಗುವವರು ಹೆಚ್ಚು ಜನ ಸಿಗಬಹುದು, ಅಲ್ಲಿಂದ ಸ್ಟ್ರಾಸ್‌ಬರ್ಗ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು ಪದೇಪದೇ ಇದೆ. ಮುಲೂಸ್‌ನಿಂದ ಒಂದು ಗಂಟೆಯೊಳಗೆ, ಕೋಲ್ಮಾರ್‌ನಿಂದ ಅರ್ಧ ಗಂಟೆ. ಟಿಇಆರ್‌ಗೆ ಸೀಟು ಕಾದಿರಿಸುವ ಕೆಲಸವಿಲ್ಲ, ಟಿಜಿವಿಯ ಹಾಗೆ ಕೊನೆ ಗಳಿಗೆಯಲ್ಲಿ ದರ ಹಾರುವುದೂ ಇಲ್ಲ. ಕಾರಿನಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗ ಇರುವುದಿಲ್ಲ, ಒಂದು ಬೆನ್ನುಚೀಲ ಸಾಕು. ಬಸ್ಸೂ ಇದೆ. ಆದರೆ ಅದು ಸ್ಟ್ರಾಸ್‌ಬರ್ಗ್ ರೈಲು ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ಪ್ಲಾಸ್ ದ ಲೆತ್ವಾಲ್ ಬಳಿ ಇಳಿಸುತ್ತದೆ. ರಾತ್ರಿ ಬಸ್ಸಿನಲ್ಲಿ ಹೋದರೆ ಶನಿವಾರದ ಅರ್ಧ ದಿನ ನಿದ್ದೆಗೇ ಹೋಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಗಾಡಿ ಹತ್ತುವಾಗ ಆಗುವ ಎಡವಟ್ಟುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದವರು ಸೋಲುವುದು ಇಲ್ಲೇ. ಪ್ಲಾಟ್‌ಫಾರ್ಮ್ ಯಾವುದು ಎಂದು ಬೋರ್ಡಿನಲ್ಲಿ ಬರುವುದು ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಮೊದಲು. ಬಾಗಿಲು ಮುಚ್ಚುವುದು ಹೊರಡುವ ಸಮಯಕ್ಕೆ 2 ನಿಮಿಷ ಮೊದಲು. ಓಡುವ ಗಾಡಿ ಹತ್ತುವ ನಮ್ಮ ಅಭ್ಯಾಸ ಇಲ್ಲಿ ನಡೆಯದು, 14:04ರ ಗಾಡಿ ಎಂದರೆ 14:02ಕ್ಕೆ ಮುಗಿಯಿತು. ಇನ್ನೊಂದು, ಎಷ್ಟೋ ಟಿಜಿವಿಗಳು ಎರಡು ರೈಲು ಸೇರಿಸಿದ ಜೋಡಿ. ಒಂದರಲ್ಲಿ ಬೋಗಿ 1ರಿಂದ 8, ಮತ್ತೊಂದರಲ್ಲಿ 11ರಿಂದ 18. ಒಳಗಿನಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲ. ಕೆಲವು ದಾರಿಯಲ್ಲಿ ಬೇರ್ಪಟ್ಟು ಬೇರೆ ಬೇರೆ ಊರಿಗೆ ಹೋಗುತ್ತವೆ. ನಿಮ್ಮದು 14ನೇ ಬೋಗಿಯಾಗಿದ್ದು 4ನೆಯದಕ್ಕೆ ಹತ್ತಿದರೆ ‘ನಡೆದುಕೊಂಡು ಹೋಗೋಣ’ ಎನ್ನುವ ಹಾಗಿಲ್ಲ, ಮುಂದಿನ ನಿಲ್ದಾಣದಲ್ಲಿ ಇಳಿದು ಓಡಬೇಕು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅಕ್ಷರಗಳ ಗುರುತು ಇರುತ್ತದೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆ ಎಂಬುದನ್ನು ಅಲ್ಲಿನ ಪರದೆ ತೋರಿಸುತ್ತದೆ, ಗಾಡಿ ಬರುವ ಮುನ್ನವೇ ಅಲ್ಲಿ ಹೋಗಿ ನಿಲ್ಲಿ.

ಚೀಲಕ್ಕೆ ಹೆಸರು ಬರೆದ ಚೀಟಿ ಕಡ್ಡಾಯ. ಹೆಸರಿಲ್ಲದ ಚೀಲ ಒಂಟಿಯಾಗಿ ಬಿದ್ದಿದ್ದರೆ ನಿಲ್ದಾಣದ ಒಂದು ಭಾಗವನ್ನೇ ಖಾಲಿ ಮಾಡಿಸುತ್ತಾರೆ, ಗಾಡಿಗಳೆಲ್ಲ ತಡವಾಗುತ್ತವೆ. ಟಿಕೆಟ್ ಫೋನಿನಲ್ಲಿದ್ದರೆ ಸಾಕು, ಆದರೆ ಅದು ನಿಮ್ಮ ಹೆಸರಿಗೆ ಮಾತ್ರ. ಕಾರ್ಡ್ ರಿಯಾಯಿತಿಯ ಟಿಕೆಟ್ ಆದ್ದರಿಂದ ಪರೀಕ್ಷಕರು ಗುರುತಿನ ಚೀಟಿ ಕೇಳಬಹುದು. ಮುಷ್ಕರದ ಸುದ್ದಿ ಬಂದರೆ ಗಾಬರಿಯಾಗಬೇಡಿ. ಯಾವ ಗಾಡಿ ಓಡುತ್ತದೆ ಎಂಬ ಪಟ್ಟಿ ಹಿಂದಿನ ದಿನ ಸಂಜೆ 5ಕ್ಕೆ ಪ್ರಕಟವಾಗುತ್ತದೆ, ಅದನ್ನು ನೋಡಿಯೇ ತೀರ್ಮಾನಿಸಿ.

ಈಗ ಉಳಿಯುವ ವಿಷಯ. ಕ್ರೂಸ್‌ನ ಸಾಮಾನ್ಯ ಕೋಣೆ ಎಂದರೆ 9 ಚದರ ಮೀಟರ್. ಒಂದು ಮಂಚ, ಒಂದು ಮೇಜು, ಮಿಕ್ಕ ಜಾಗದಲ್ಲಿ ಒಬ್ಬರು ಮಲಗಿದರೆ ಬಾಗಿಲು ತೆಗೆಯುವುದು ಕಷ್ಟ. ರಾತ್ರಿ ಅತಿಥಿ ಉಳಿಯಬಹುದೇ, ಎಷ್ಟು ರಾತ್ರಿ, ಮೊದಲೇ ತಿಳಿಸಬೇಕೇ ಎಂಬ ನಿಯಮ ಒಂದೊಂದು ಹಾಸ್ಟೆಲಿನಲ್ಲಿ ಒಂದೊಂದು ರೀತಿ. ಗೆಳೆಯ ‘ಏನಾಗಲ್ಲ ಬಾರೋ’ ಎಂದರೂ, ಸಿಕ್ಕಿಬಿದ್ದರೆ ಮಾತು ಕೇಳಬೇಕಾದವನು ಅವನೇ. ವಾರದ ಮಧ್ಯದಲ್ಲೇ ಅವನು ಆಫೀಸಿನಲ್ಲಿ ಕೇಳಿಟ್ಟುಕೊಳ್ಳಲಿ, ಏಕೆಂದರೆ ವಾರಾಂತ್ಯದಲ್ಲಿ ಆಫೀಸು ಮುಚ್ಚಿರುವುದೇ ಹೆಚ್ಚು. ನೀವು ಸ್ಲೀಪಿಂಗ್ ಬ್ಯಾಗ್, ಕೆಳಗೆ ಹಾಸಲು ಒಂದು ಮ್ಯಾಟ್, ಟವೆಲ್ ತೆಗೆದುಕೊಂಡು ಹೋಗಿ. ಚಳಿಗಾಲದಲ್ಲಿ ನೆಲ ತಣ್ಣಗೆ ಕೊರೆಯುತ್ತದೆ, ಮ್ಯಾಟ್ ಇಲ್ಲದ ಸ್ಲೀಪಿಂಗ್ ಬ್ಯಾಗ್ ಪ್ರಯೋಜನಕ್ಕಿಲ್ಲ. ರಾತ್ರಿ 10 ದಾಟಿದ ಮೇಲೆ ದನಿ ತಗ್ಗಿಸಿ. ಪಕ್ಕದ ರೂಮಿನವರು ಗೋಡೆ ಬಡಿಯುವುದರಲ್ಲಿ ನಿಲ್ಲಿಸದೆ ದೂರೂ ಕೊಡುತ್ತಾರೆ.

ಅಡುಗೆ ಮಾಡುವ ಯೋಚನೆ ಇದ್ದೇ ಇರುತ್ತದೆ, ಎರಡು ವರ್ಷದ ಮೇಲೆ ಸೇರಿದವರು ಪಾಸ್ತಾ ತಿಂದು ಮಲಗುವುದಿಲ್ಲ. ಫ್ರಾನ್ಸಿನಲ್ಲಿ 2015ರಿಂದ ಪ್ರತಿ ವಾಸದ ಮನೆಗೂ ಹೊಗೆ ಪತ್ತೆ ಮಾಡುವ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಅದು ಕೂಗಿಕೊಂಡರೆ ಇಡೀ ಮಹಡಿ ಬಾಗಿಲಿಗೆ ಬರುತ್ತದೆ. ಕರೆಂಟಿನ ಪ್ಲೇಟು ಬಿಸಿಯಾಗಲು ನಿಧಾನ, ತಣ್ಣಗಾಗಲು ಇನ್ನೂ ನಿಧಾನ. ಗ್ಯಾಸ್ ಒಲೆಯ ಅಂದಾಜಿನಲ್ಲಿ ಆರಿಸಿದರೆ ಸಾಸಿವೆ ಸಿಡಿದು ಕರಟುವವರೆಗೂ ಅದು ಕಾಯುತ್ತಲೇ ಇರುತ್ತದೆ. ಮಧ್ಯಮ ಉರಿಗಿಟ್ಟು, ಸಾಸಿವೆ ಚಟಪಟ ಎಂದ ಕೂಡಲೇ ಪಾತ್ರೆಯನ್ನೇ ಪ್ಲೇಟಿನಿಂದ ಪಕ್ಕಕ್ಕೆ ಎತ್ತಿಡಿ, ಆಮೇಲೆ ಮೆಣಸಿನಕಾಯಿ ಹಾಕಿ. ಕಿಟಕಿ ತೆರೆದಿರಲಿ, ಕಾರಿಡಾರಿನ ಬಾಗಿಲು ಮುಚ್ಚಿರಲಿ. ಇದಕ್ಕಿಂತ ಸುಲಭವೆಂದರೆ ಪುಳಿಯೋಗರೆ ಗೊಜ್ಜು ಲಿಯಾನ್‌ನಲ್ಲೇ ಮಾಡಿ ಡಬ್ಬಿಯಲ್ಲಿ ಒಯ್ಯುವುದು. ಅಲ್ಲಿ ಅನ್ನ ಮಾತ್ರ ಬೇಯಿಸಿದರೆ ಆಯಿತು.

ಸಾಮಾನು ಶನಿವಾರವೇ ತಂದಿಡಿ. ಲಿಯಾನ್‌ನಲ್ಲಿ ಭಾನುವಾರ ಬೆಳಿಗ್ಗೆ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ ಎಂಬ ಅಭ್ಯಾಸ ಸ್ಟ್ರಾಸ್‌ಬರ್ಗ್‌ನಲ್ಲಿ ಕೈಕೊಡುತ್ತದೆ. ಆ ಊರಿರುವ ಆಲ್ಸಾಸ್ ಪ್ರಾಂತ್ಯ 1871ರಿಂದ 1918ರವರೆಗೆ ಜರ್ಮನಿಯ ಕೈಯಲ್ಲಿತ್ತು. ಆ ಕಾಲದ ಕೆಲವು ಕಾನೂನುಗಳನ್ನು ಅಲ್ಲಿ ಇವತ್ತಿಗೂ ಉಳಿಸಿಕೊಂಡಿದ್ದಾರೆ, ಭಾನುವಾರದ ರಜೆ ಅದರಲ್ಲೊಂದು. ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಬೇಕರಿಗಳು ಸಿಗುತ್ತವೆ. ಗುಡ್ ಫ್ರೈಡೇ ಮತ್ತು ಡಿಸೆಂಬರ್ 26 ಕೂಡ ಅಲ್ಲಿ ರಜೆ, ಲಿಯಾನ್‌ನಲ್ಲಿ ಅಲ್ಲ.

ಹೊರಗೆ ತಿನ್ನುವುದಾದರೆ ಸಸ್ಯಾಹಾರಿಗೆ ಆಲ್ಸಾಸ್ ಸ್ವಲ್ಪ ಕಷ್ಟದ ಸೀಮೆ. ಶೂಕ್ರೂತ್, ಬೆಕಾಓಫೆ ಎರಡೂ ಮಾಂಸದವು. ತಾರ್ತ್ ಫ್ಲಾಂಬೇ ಎಂಬ ತೆಳ್ಳನೆಯ ರೊಟ್ಟಿ ಚೆನ್ನಾಗಿರುತ್ತದೆ, ಆದರೆ ಮಾಮೂಲಿಯಾಗಿ ಕೆನೆ, ಈರುಳ್ಳಿಯ ಜೊತೆಗೆ ಹಂದಿಮಾಂಸದ ಚೂರು ಹಾಕುತ್ತಾರೆ. ಅಣಬೆಯದ್ದು, ಚೀಸಿನದ್ದು ಎಂದು ಬರೆದಿದ್ದರೂ ಅದರಲ್ಲೂ ಆ ಚೂರು ಇರುವುದೇ ಹೆಚ್ಚು. ಆರ್ಡರ್ ಮಾಡುವಾಗ ‘ಸಾಂ ಲಾರ್ದೋಂ, ಸಿಲ್ ವು ಪ್ಲೇ’ ಎಂದು ಹೇಳಲೇಬೇಕು. ಕುಗೆಲ್‌ಹೋಫ್ ಬ್ರೆಡ್ಡಿನಲ್ಲಿ ಸಿಹಿಯದು ದ್ರಾಕ್ಷಿ ಬಾದಾಮಿಯದ್ದು, ಖಾರದ್ದರಲ್ಲಿ ಮತ್ತೆ ಹಂದಿಮಾಂಸ. ಸ್ಪೆಟ್ಸ್‌ಲೆ ಎಂಬ ನೂಡಲ್ಸಿನಲ್ಲಿ ಮೊಟ್ಟೆ ಇದೆ. ನೀವು ಮೊಟ್ಟೆಯನ್ನೂ ತಿನ್ನದವರಾದರೆ ‘ವೆಜಿಟೇರಿಯನ್’ ಎಂದರಷ್ಟೇ ಸಾಲದು, ‘ಸಾಂಜ಼್ ಅ’ ಎಂದೂ ಸೇರಿಸಿ. ಮಧ್ಯಾಹ್ನ 2 ದಾಟಿದರೆ ಎಷ್ಟೋ ಹೋಟೆಲಿನ ಅಡುಗೆಮನೆ ರಾತ್ರಿ 7ರವರೆಗೆ ಬಂದ್. ನೀರಿಗೆ ‘ಕರಾಫ್ ದೋ’ ಎಂದು ಕೇಳಿ, ದುಡ್ಡಿಲ್ಲ. ಬರೀ ‘ನೀರು’ ಎಂದರೆ ಬಾಟಲ್ ತಂದಿಟ್ಟು ಬಿಲ್ಲಿಗೆ ಸೇರಿಸಬಹುದು.

ಊರು ನೋಡುವುದಕ್ಕೆ ಹೆಚ್ಚು ಪ್ಲಾನ್ ಬೇಡ, ನಿಲ್ದಾಣದಿಂದ ಕ್ಯಾಥೆಡ್ರಲ್‌ಗೆ ನಡೆದೇ ಹೋಗಬಹುದು. 1439ರಲ್ಲಿ ಪೂರ್ತಿಯಾದ ಅದರ 142 ಮೀಟರ್ ಗೋಪುರ 1647ರಿಂದ 1874ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿತ್ತು. ಸುಮಾರು 330 ಮೆಟ್ಟಿಲು ಹತ್ತಿ 66 ಮೀಟರ್ ಎತ್ತರದ ಜಗಲಿಯವರೆಗೆ ಹೋಗಬಹುದು. ಒಳಗಿನ ಖಗೋಳ ಗಡಿಯಾರದಲ್ಲಿ ಗೊಂಬೆಗಳ ಮೆರವಣಿಗೆ ಮಧ್ಯಾಹ್ನ 12:30ಕ್ಕೆ. ಅದನ್ನು ಶನಿವಾರಕ್ಕೇ ಇಟ್ಟುಕೊಳ್ಳಿ, ಭಾನುವಾರ ಪ್ರಾರ್ಥನೆ ಇರುತ್ತದೆ. ತಿಂಗಳ ಮೊದಲ ಭಾನುವಾರ ನಗರದ ಮ್ಯೂಸಿಯಂಗಳು ಉಚಿತ. ಟ್ರ್ಯಾಮ್ ಟಿಕೆಟನ್ನು ಹತ್ತುವ ಮೊದಲೇ ಸ್ಟಾಪಿನಲ್ಲಿರುವ ಯಂತ್ರಕ್ಕೆ ತೋರಿಸಬೇಕು. ಒಳಗೆ ಹೋಗಿ ಹುಡುಕಿದರೆ ಸಿಗುವುದು ದಂಡ ಮಾತ್ರ. ಕ್ರಿಸ್ಮಸ್ ಸಂತೆಯ ಸಮಯಕ್ಕೆ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ 24ರ ಆಸುಪಾಸಿನವರೆಗೆ ಹೋಗುವುದಾದರೆ ಟಿಕೆಟನ್ನು ತಿಂಗಳುಗಳ ಮೊದಲೇ ನೋಡಿ. ಹಳೆ ಊರಿನೊಳಗೆ ಚೀಲ ತಪಾಸಣೆಯೂ ಇರುತ್ತದೆ.

ಡಿ ಟ್ರ್ಯಾಮ್ ಹತ್ತಿ ರೈನ್ ನದಿ ದಾಟಿದರೆ ಕೇಲ್, ಅದು ಜರ್ಮನಿ. ಅಗ್ಗದ ಶಾಂಪೂ, ಸೋಪಿಗೆಂದು ಹುಡುಗರು ಸಾಮಾನ್ಯವಾಗಿ ಹೋಗಿಬರುತ್ತಾರೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರುಮಾಡಿದೆ, ಪೊಲೀಸರು ಟ್ರ್ಯಾಮಿನಲ್ಲೇ ಕೇಳಬಹುದು. ಮೂಲ ಪಾಸ್‌ಪೋರ್ಟ್ ಮತ್ತು ನಡೆಯುತ್ತಿರುವ ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್ ಎರಡೂ ಜೊತೆಯಲ್ಲಿರಲಿ. ಫೋನಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ. ಹೊಸದಾಗಿ ಬಂದವರಾದರೆ, ವಿದ್ಯಾರ್ಥಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ದೃಢೀಕರಿಸಿರಬೇಕು. ಅದಾಗಿಲ್ಲದಿದ್ದರೆ ನದಿಯ ಈ ಕಡೆಯೇ ಇದ್ದುಬಿಡಿ.

ವಾಪಸ್ ಬರುವ ಟಿಜಿವಿ ಇನ್ವಿ 30 ನಿಮಿಷಕ್ಕಿಂತ ತಡವಾದರೆ ಟಿಕೆಟಿನ ಶೇ. 25, ಎರಡು ಗಂಟೆ ದಾಟಿದರೆ ಶೇ. 50, ಮೂರು ಗಂಟೆ ದಾಟಿದರೆ ಶೇ. 75 ನಿಮಗೆ ಬರಬೇಕು. ತಾನಾಗಿ ಬರುತ್ತದೆ ಎಂದು ಕಾಯುತ್ತಾ ಕೂರಬೇಡಿ, ಟಿಕೆಟ್ ನಂಬರ್ ಹಾಕಿ ಆನ್‌ಲೈನಿನಲ್ಲಿ ಅರ್ಜಿ ಕೊಡಿ. ಐದು ನಿಮಿಷದ ಕೆಲಸ.