ಪರಿಹಾರ ಕೇಳೋಕೆ ತೀರ್ಪಿನವರೆಗೂ ಕಾಯಬೇಡಿ

ಅಣ್ಣನ ಕಾಲು ಮುರಿದವರ ಮೇಲೆ ಕೇಸ್ ನಡೆಯುತ್ತಿದೆ, ಈಗಲೇ ಆಸ್ಪತ್ರೆ ಖರ್ಚು ಕೇಳಿದರೆ ದುಡ್ಡಿಗಾಗಿ ಕೇಸ್ ಹಾಕಿದ್ದಾರೆ ಅಂತಾಗುತ್ತಾ, ಶಿಕ್ಷೆಯಾದ ಮೇಲೆ ಕೇಳಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನಾವು ಹಾಗೇ ಕಾದು ಕೆಟ್ಟೆವು.

ನಮ್ಮಪ್ಪ ಮರಗೆಲಸದವರು. 2014ರಲ್ಲಿ ಬದುವಿನ ಜಗಳ ಬಂದು ಪಕ್ಕದ ಹೊಲದವನು ಗುದ್ದಲಿ ಕಾವಿನಲ್ಲಿ ಹೊಡೆದ. ಬಲಗೈ ಮುಂಗೈಯ ಎರಡೂ ಮೂಳೆ ಹೋಯಿತು. ಎರಡು ಆಪರೇಷನ್, ಒಳಗೆ ಪ್ಲೇಟು. ಗಾಯ ಆರಿತು, ಆದರೆ ಬೆರಳಿಗೆ ಬಲ ಬರಲೇ ಇಲ್ಲ. ಉಳಿ ಹಿಡಿದರೆ ಎರಡು ಪೆಟ್ಟಿಗೇ ಕೈ ನಡುಗಿ ಉಳಿ ಜಾರುತ್ತಿತ್ತು. ಖರ್ಚಾಗಿದ್ದು 1,86,000 ರೂಪಾಯಿ. ಕೆಲಸ ನಿಂತು ಕಳೆದುಕೊಂಡಿದ್ದು ಬೇರೆ.

ಆ ಬಿಲ್ಲುಗಳನ್ನೆಲ್ಲ ಅಮ್ಮ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನ ಮೇಲೆ ಇಟ್ಟಿದ್ದರು. ಪೊಲೀಸರು ಹೇಳಿಕೆ ಬರೆದುಕೊಂಡರು, ಪಂಚನಾಮೆ ಮಾಡಿದರು, ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟ್ ತರಿಸಿದರು. ಬಿಲ್ಲು ಯಾರೂ ಕೇಳಲಿಲ್ಲ. ನಾವೂ ಕೊಡಲಿಲ್ಲ. 'ಶಿಕ್ಷೆ ಆಗಲಿ, ಆಮೇಲೆ ಜಡ್ಜ್ ಕೇಳುತ್ತಾರೆ, ಆಗ ಕೊಟ್ಟರಾಯ್ತು' ಅಂತ ನಾನೇ ಮನೆಯಲ್ಲಿ ಹೇಳಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಮನೆಯಲ್ಲಿ ಓದಿದವನು ನಾನೊಬ್ಬನೇ, ಹಾಗಾಗಿ ನನ್ನ ಮಾತೇ ಕೊನೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ. ಜಡ್ಜ್ ನಮ್ಮ ಮನೆಗೆ ಬಂದು ಬೀರು ನೋಡಲ್ಲ. ಅವರು ನೋಡುವುದು ಫೈಲು ಮಾತ್ರ. ಚಾರ್ಜ್‌ಶೀಟಿನ ಜೊತೆ ಏನು ಹೋಗಿದೆ, ಸಾಕ್ಷಿ ಏನು ಹೇಳಿದ, ಯಾವ ಕಾಗದಕ್ಕೆ ದಾಖಲೆ ಅಂತ ನಿಶಾನೆ ನಂಬರ್ ಬಿದ್ದಿದೆ, ಅಷ್ಟೇ. ಖರ್ಚಿನ ಬಗ್ಗೆ ಒಂದು ಸಾಲೂ ಫೈಲಿನಲ್ಲಿ ಇಲ್ಲದಿದ್ದರೆ, ಕೋರ್ಟಿನ ಮಟ್ಟಿಗೆ ಆ ಖರ್ಚು ಆಗಿಯೇ ಇಲ್ಲ. ಶಿಕ್ಷೆ ಎಷ್ಟು ಅಂತ ವಾದ ಕೇಳುವ ದಿನ ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ದಿನ ಕವರ್ ಹಿಡಿದುಕೊಂಡು ಹೋದರೆ ಬಿಚ್ಚೋಕೂ ಟೈಮ್ ಇರಲ್ಲ.

ಅಪ್ಪನ ಸಾಕ್ಷಿಯ ದಿನ ನಾನು ಕೋರ್ಟ್ ಹಾಲಿನಲ್ಲೇ ಇದ್ದೆ. ಪಾಟಿ ಸವಾಲಿನಲ್ಲಿ ಆರೋಪಿಯ ವಕೀಲರು ಕೇಳಿದ್ದನ್ನು, ಅಪ್ಪ ಅಲ್ಲ ಅಂದಿದ್ದನ್ನು ಸೇರಿಸಿ ಅಪ್ಪನ ಮಾತಾಗಿ ಟೈಪಿಸ್ಟ್ ಬಡಿಯುತ್ತಿದ್ದರು: 'ಆರೋಪಿಯಿಂದ ಹಣ ಕೀಳುವ ಉದ್ದೇಶದಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಅಪ್ಪನ ಮುಖ ಕಪ್ಪಿಟ್ಟಿತು. ಹೊರಗೆ ಬಂದವರೇ, 'ನನಗೆ ಅವನ ದುಡ್ಡು ಒಂದು ಪೈಸೆನೂ ಬೇಡ' ಅಂದರು. ಆವತ್ತಿಂದ ಮನೆಯಲ್ಲಿ ಆ ಮಾತೇ ಎತ್ತಲಿಲ್ಲ. ನಿಮಗಿರುವ ಭಯವೂ ಇದೇ ಅಲ್ವಾ? ಆ ಪ್ರಶ್ನೆ ನೀವು ಪರಿಹಾರ ಕೇಳಿದರೂ ಬರುತ್ತದೆ, ಕೇಳದಿದ್ದರೂ ಬರುತ್ತದೆ. ಅದು ವಕೀಲರು ವಾಡಿಕೆಯಲ್ಲಿ ಕೇಳುವ ಪ್ರಶ್ನೆ. ಅದಕ್ಕೆ ಹೆದರಿ ಸುಮ್ನೆ ಕೂತರೆ ಲಾಭ ಹೊಡೆದವನಿಗೆ. ಕಾನೂನು ಬರೆದು ಕೊಟ್ಟಿರುವ ಪರಿಹಾರ ಕೇಳುವುದು ರಾಜಿಯೂ ಅಲ್ಲ, ವ್ಯಾಪಾರವೂ ಅಲ್ಲ.

2019ರಲ್ಲಿ ತೀರ್ಪು ಬಂತು. ಎರಡು ವರ್ಷ ಜೈಲು, 10,000 ದಂಡ. ಆಗ ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ ಹಾಕಬಹುದಾಗಿದ್ದ ದಂಡವೇ ಅಷ್ಟು. ಅದರಲ್ಲಿ 8,000 ಅಪ್ಪನಿಗೆ ಪರಿಹಾರ. ಅವನು ಅಪೀಲು ಹಾಕಿದ. ಅಪೀಲು ಇತ್ಯರ್ಥ ಆಗುವವರೆಗೆ ದಂಡದಿಂದ ಬರುವ ಪರಿಹಾರ ಕೈಗೆ ಕೊಡುವ ಹಾಗಿಲ್ಲ. ಅದು ಸಿಕ್ಕಿದ್ದು 2022ರಲ್ಲಿ.

ತೀರ್ಪಿನ ದಿನ ಸಂಜೆ ಕವರ್ ಇಳಿಸಿ ನೋಡಿದೆ. ಮೆಡಿಕಲ್ ಶಾಪಿನ ಬಿಲ್ಲುಗಳು ಬಿಳೀ ಕಾಗದ ಆಗಿದ್ದವು. ಆ ನುಣುಪು ಕಾಗದದ ಅಕ್ಷರ ತಾನಾಗೇ ಅಳಿಸಿಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೂಲೆಯಲ್ಲಿ ಅಂಗಡಿಯ ಸೀಲು ಮಾತ್ರ ಉಳಿದಿತ್ತು. ಸಿವಿಲ್ ದಾವೆ ಹಾಕೋಣ ಅಂತ ಒಬ್ಬ ವಕೀಲರ ಹತ್ತಿರ ಹೋದರೆ, ಹೊಡೆತ ಬಿದ್ದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ ಅಂದರು. ಕ್ರಿಮಿನಲ್ ಕೇಸ್ ನಡೆಯುತ್ತಿದೆ ಅಂತ ಆ ಲೆಕ್ಕ ನಿಲ್ಲಲ್ಲ. ನಮ್ಮ ಮೂರು ವರ್ಷ 2017ಕ್ಕೇ ಮುಗಿದಿತ್ತು. ಅಷ್ಟರಲ್ಲಿ ಅವನು ಎರಡು ಎಕರೆ ಮಾರಿಯೂ ಆಗಿತ್ತು.

ಈಗ ನಿಮ್ಮ ವಿಷಯ. ಹೋದ ವರ್ಷ ನಡೆದಿದ್ದು ಅಂದಿದ್ದೀರಿ, ಹಾಗಾದರೆ ನಿಮಗೆ ಹೊಸ ಕಾನೂನು. ಕ್ರಿಮಿನಲ್ ಕೇಸ್ ಹೇಗೆ ನಡೆಸಬೇಕು ಅಂತ ಹೇಳುವ ನಮ್ಮ ಕಾಲದ ಕಾನೂನು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಅದರ ಜಾಗಕ್ಕೆ ಬಂದಿದ್ದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ). ಪರಿಹಾರದ ಸೆಕ್ಷನ್ ಆಗ ಸಿಆರ್‌ಪಿಸಿ 357, ಈಗ ಬಿಎನ್‌ಎಸ್‌ಎಸ್ 395. ಹೊಸದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸಾರ ಹಳೆಯದೇ. ದಂಡ ಹಾಕಿದರೆ ಅದರಲ್ಲಿ ಪೂರ್ತಿ ಅಥವಾ ಸ್ವಲ್ಪ ನಿಮಗೆ ಕೊಡಿಸಬಹುದು. ದಂಡ ಹಾಕದೆ ಬರೀ ಜೈಲು ಕೊಟ್ಟರೆ, ಬೇರೆಯಾಗಿಯೇ ಪರಿಹಾರ ಕಟ್ಟು ಅಂತ ಆದೇಶ ಮಾಡಬಹುದು. ದಂಡಕ್ಕೆ ಮಿತಿ ಇದೆ (ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್‌ಗೆ ಈಗ 50,000), ಆದರೆ ಹೀಗೆ ಬೇರೆಯಾಗಿ ಕೊಡಿಸುವ ಪರಿಹಾರಕ್ಕೆ ಕಾನೂನಿನಲ್ಲಿ ಮಿತಿ ಇಲ್ಲ. ಈ ಒಂದು ವ್ಯತ್ಯಾಸ ನಮಗೆ ಯಾರಾದರೂ ಮೊದಲೇ ಹೇಳಿದ್ದರೆ! ಕೊಡಲೇಬೇಕು ಅಂತೇನಿಲ್ಲ, ಆದರೆ ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಕೋರ್ಟು ಪರಿಹಾರದ ಬಗ್ಗೆ ಯೋಚಿಸಲೇಬೇಕು, ಕೊಟ್ಟರೂ ಬಿಟ್ಟರೂ ಕಾರಣ ಬರೆಯಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಅಂಕುಶ್ ಶಿವಾಜಿ ಗಾಯಕ್ವಾಡ್ ಕೇಸಿನಲ್ಲಿ ಹೇಳಿದೆ. ಆರೋಪಿಗೆ ಕಟ್ಟುವ ಶಕ್ತಿ ಇದೆಯಾ ಅಂತಲೂ ನೋಡುತ್ತಾರೆ. ಅವನ ಹೆಸರಲ್ಲಿ ಜಮೀನಿದ್ದರೆ ಇವತ್ತೇ ಪಹಣಿ ತೆಗೆಸಿಡಿ, ಮಾರಿದ ಮೇಲೆ ಅಲ್ಲ.

'ಜೈಲಿಗೆ ಹೋಗಿ ಬಂದರೆ ಲೆಕ್ಕ ಚುಕ್ತಾ' ಅಂತ ಊರಲ್ಲಿ ಹೇಳುತ್ತಾರೆ. ನಂಬಬೇಡಿ. ಪರಿಹಾರ ಕಟ್ಟದೆ ಅದರ ಬದಲಿಗೆ ಜೈಲು ಅನುಭವಿಸಿದರೂ ಬಾಕಿ ಹಾಗೇ ಇರುತ್ತದೆ. ಚರಾಸ್ತಿ ಜಪ್ತಿ ಮಾಡಬಹುದು, ಜಿಲ್ಲಾಧಿಕಾರಿ ಮೂಲಕ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು.

ಅವನ ಹತ್ತಿರ ಏನೂ ಇಲ್ಲ, ಅಥವಾ ಕೇಸೇ ಬಿದ್ದುಹೋಯಿತು ಅಂದರೂ ಅದೇ ಬಿಎನ್‌ಎಸ್‌ಎಸ್‌ನ ಸೆಕ್ಷನ್ 396ರ ಕೆಳಗೆ ಸರ್ಕಾರದ ಪರಿಹಾರಕ್ಕೆ ಕೋರ್ಟು ಶಿಫಾರಸು ಮಾಡಬಹುದು. ಎಷ್ಟು ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ತೀರ್ಮಾನಿಸುತ್ತದೆ. ಆ ಕಚೇರಿಗೆ ನಾನು ಮೊದಲ ಸಲ ಹೋಗಿದ್ದು 2022ರಲ್ಲಿ. ಅಲ್ಲಿದ್ದ ವಕೀಲೆ ನಮ್ಮ ತೀರ್ಪು ಓದಿ, 'ಪರಿಹಾರ ಕಡಿಮೆ ಆಯಿತು ಅಂತ ನೀವೇ ಅಪೀಲು ಹಾಕಬಹುದಿತ್ತಲ್ಲ' ಅಂದರು. ಅಪೀಲು ಅಂದರೆ ಸರ್ಕಾರದ ಕೆಲಸ ಅಂತ ನಾವು ತಿಳಿದಿದ್ದೆವು. ಆ ಹಕ್ಕು 2009ರ ಕೊನೆಯಿಂದಲೇ ಇತ್ತಂತೆ. ಈಗ ಅದು ಬಿಎನ್‌ಎಸ್‌ಎಸ್ 413.

ಕೇಸ್ ಮುಗಿಯಲಿ ಅನ್ನುವ ಯೋಚನೆ ಬಿಡಿ. ಸರ್ಕಾರಿ ವಕೀಲರಿಗೆ ನೂರಾರು ಫೈಲು ಇರುತ್ತವೆ. ಅವರಿಗೆ ಸಹಾಯ ಮಾಡಲು ನಿಮ್ಮದೇ ವಕೀಲರನ್ನು ಇಡಲು ಕೋರ್ಟಿನ ಅನುಮತಿ ಕೇಳಿ. ಸಿವಿಲ್ ದಾವೆಯ ಮೂರು ವರ್ಷದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಳೆ ಬೆಳಿಗ್ಗೆ ಎಲ್ಲ ಬಿಲ್ಲುಗಳ ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಮೆಡಿಕಲ್ ಶಾಪಿನವು ಮೊದಲು. ಒಂದು ಸೆಟ್ಟನ್ನು ತನಿಖಾಧಿಕಾರಿಗೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಣ್ಣನ ಸಾಕ್ಷಿ ಇನ್ನೂ ಆಗಿಲ್ಲ ತಾನೇ? ಮುಂದಿನ ವಾಯಿದೆ ಯಾವಾಗ ಅಂತ ಇಲ್ಲೇ ಬರೆಯಿರಿ.