ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದು ನೆಲೆಸಿದರೆ ನಮ್ಮಂಥವರಿಂದ ಇಲ್ಲಿನವರಿಗೆ ತೊಂದರೆ ಆಗುತ್ತಾ?

ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೀರಿ, ಇಬ್ಬರೂ ಶಿವಮೊಗ್ಗಕ್ಕೆ ಬಂದು ಬಾಡಿಗೆ ಮನೆ ಹಿಡಿಯಬೇಕೆಂದಿದ್ದೀರಿ, ಮುಂದೆ ತೀರ್ಥಹಳ್ಳಿ ಕಡೆ ತೋಟ ತಗೊಳ್ಳುವ ಆಸೆಯೂ ಇದೆ. ಇದರಿಂದ ಇಲ್ಲಿನವರ ಬದುಕು ದುಬಾರಿ ಆಗುತ್ತದೆಯೇ ಅಂತ ಕೇಳಿದ್ದೀರಿ. ಬರುವ ಮೊದಲೇ ಕೇಳಿದಿರಲ್ಲ, ಸಂತೋಷ ಆಯ್ತು.

ಬನ್ನಿ. ನಾವೂ ಹೊರಗಿನಿಂದ ಬಂದವರೇ. ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಜ್ಜನ ಮನೆ, ಗದ್ದೆ ಎರಡೂ ಶರಾವತಿ ಹಿನ್ನೀರಿಗೆ ಹೋದವು. ಹಾಗೆ ಎದ್ದು ಬಂದ ಎಷ್ಟೋ ಮನೆಗಳವರು ಈ ಕಡೆಯ ಕಾಡಂಚಿನಲ್ಲಿ ನೆಲೆ ನಿಂತರು. ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುವವರಿದ್ದಾರೆ. ಅಪ್ಪ ಅಲ್ಲಿಂದ ಪೇಟೆಗೆ ಬಂದರು. ಮುಳುಗಡೆಯವರು ಅಂದ ಕೂಡಲೇ ಮನೆ ಕೊಡಲು ಹಿಂದೆಮುಂದೆ ನೋಡಿದವರಿದ್ದರಂತೆ. ಕೊನೆಗೆ ಸಿಕ್ಕಿದ್ದು ತುಂಗಾ ಹೊಳೆಗೆ ಹತ್ತಿರದ ಒಂದು ಹಳೇ ಬೀದಿಯಲ್ಲಿ. ಅಲ್ಲಿ ಬೆಳಿಗ್ಗೆ ನಲ್ಲಿ ಹತ್ತಿರ ಕನ್ನಡ, ಉರ್ದು, ತಮಿಳು ಮೂರೂ ಕೇಳುತ್ತಿತ್ತು. ಅದನ್ನು ಯಾರೂ ದೊಡ್ಡ ಹೆಸರಿಟ್ಟು ಕರೆಯುತ್ತಿರಲಿಲ್ಲ. ಎಲ್ಲರಿಗೂ ನೀರು ಬರುತ್ತಿದ್ದದ್ದು ಒಂದೇ ಹೊತ್ತಿಗೆ, ಅಷ್ಟೇ.

ಈಚೆಗೆ ಊರು ಬೇಗ ಬದಲಾಗುತ್ತಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯ್ತು. ಸುತ್ತ ಎಲ್ಲಿ ನೋಡಿದರೂ ಲೇಔಟು. ಒಳ್ಳೇ ರಸ್ತೆ, ಚರಂಡಿ ನಮಗೂ ಬೇಕಿತ್ತು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಬೀದಿಗೆ ಫುಟ್‌ಪಾತ್ ಬಂದದ್ದೇ ತಡ, ಹಳೇ ಮನೆಗಳ ಜಗಲಿ ಒಡೆದು ಶೆಟರ್ ಹಾಕಿದ ಮಳಿಗೆಗಳಾದವು. ಮೂಲೆಮನೆ ಕಾಂಪೌಂಡಿನ ಪಕ್ಕ ಒಬ್ಬರು ಇದ್ದಿಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ನನ್ನ ಸ್ಕೂಲ್ ಯೂನಿಫಾರ್ಮಿನಿಂದ ಮದುವೆ ಪಂಚೆವರೆಗೆ ಎಲ್ಲ ಅವರ ಕೈಯಲ್ಲೇ ಇಸ್ತ್ರಿ ಆದದ್ದು. ಅವರಿದ್ದ ರೂಮಿನ ಬಾಡಿಗೆಯನ್ನು ಒಮ್ಮೆಲೇ ಏರಿಸಿದರು. ಈಗ ಊರಾಚೆ ಇದ್ದಾರೆ. ವಾರಕ್ಕೆರಡು ಸಲ ಟಿವಿಎಸ್ಸಿನಲ್ಲಿ ಬಂದು ಬಟ್ಟೆ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಮೊದಲು ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದವರು ಈಗ ಗಾಡಿ ಆಫ್ ಕೂಡ ಮಾಡುವುದಿಲ್ಲ.

ಇದಕ್ಕೆಲ್ಲ ನೀವು ಕಾರಣ ಅಲ್ಲ. ಆದರೂ ನಿಮ್ಮ ಕೈಯಲ್ಲಿ ಒಂದಿಷ್ಟಿದೆ. "ಬೆಂಗಳೂರಿಗೆ ಹೋಲಿಸಿದ್ರೆ ತುಂಬಾ ಕಮ್ಮಿ" ಅಂತ ಓನರ್ ಎದುರಾಗಲಿ, ಬ್ರೋಕರ್ ಎದುರಾಗಲಿ ಹೇಳಬೇಡಿ. ಸಂಜೆಯೊಳಗೆ ಆ ಮಾತು ಬೀದಿಗೆಲ್ಲ ಗೊತ್ತಾಗುತ್ತದೆ, ಮುಂದಿನ ತಿಂಗಳು ಪಕ್ಕದ ಮನೆಯವರ ಬಾಡಿಗೆಯೂ ಏರುತ್ತದೆ. ಹತ್ತಿರದ ಅಂಗಡಿಯಲ್ಲಿ ಕೇಳಿ, ಅಲ್ಲಿ ನಡೆಯುವ ಬಾಡಿಗೆಯನ್ನೇ ಕೊಡಿ. ಮೊದಲಿದ್ದವರು ಯಾಕೆ ಬಿಟ್ಟರು ಅಂತಲೂ ಕೇಳಿ. ನಿಮಗೋಸ್ಕರ ಯಾರನ್ನಾದರೂ ಖಾಲಿ ಮಾಡಿಸುತ್ತಿದ್ದರೆ ಆ ಮನೆ ಬೇಡ.

ತೋಟಕ್ಕೂ ಆತುರ ಬೇಡ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ಆಯ್ತು. ಕೊಂಡವರು ಬೇಲಿ ಹಾಕಿ ಗೇಟಿಗೆ ಬೀಗ ಹಾಕಿ ಹೋದರೆ, ಔಷಧಿ ಹೊಡೆಯುವವರಿಗೆ, ಅಡಿಕೆ ಕೊನೆ ಕೊಯ್ಯುವವರಿಗೆ ಅಲ್ಲಿ ಕೆಲಸ ಇಲ್ಲ. ಒಂದು ಪೂರ್ತಿ ಮಳೆಗಾಲ ಇಲ್ಲಿದ್ದು ಆಮೇಲೆ ಯೋಚಿಸಿ.

ಬಾಡಿಗೆಗಿಂತ ನನಗೆ ಜಾಸ್ತಿ ನೋವಾಗುವುದು ಇನ್ನೊಂದು ವಿಷಯಕ್ಕೆ. ಮನೆ ಕೇಳಿ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ನೀವು ಯಾವ ಜನ?" ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಮುಸ್ಲಿಂ. ಅವನ ಜೊತೆ ಹೊಸ ಲೇಔಟುಗಳಲ್ಲಿ ಮನೆ ಹುಡುಕಿದ್ದೇನೆ. ಒಂದು ಕಡೆ ಅಡ್ವಾನ್ಸಿನವರೆಗೂ ಮಾತಾಯ್ತು. ಹೆಸರು ಹೇಳಿದ ಮೇಲೆ, "ಅಯ್ಯೋ, ನಿನ್ನೆನೇ ಕೊಟ್ಬಿಟ್ವಿ" ಅಂದರು. ಟು-ಲೆಟ್ ಬೋರ್ಡು ಇನ್ನೂ ಎರಡು ವಾರ ಅಲ್ಲೇ ನೇತಾಡುತ್ತಿತ್ತು. ಹಳೇ ಬೀದಿಗಳು ಖಾಲಿಯಾಗಿ, ಹೊಸ ಲೇಔಟುಗಳು ಹೀಗೆ ಜನರನ್ನು ಆರಿಸುತ್ತಾ ಹೋದರೆ ಆ ನಲ್ಲಿ ಹತ್ತಿರದ ಊರು ಎಲ್ಲಿ ಉಳಿಯುತ್ತದೆ ಹೇಳಿ? ನಿಮಗೂ ಆ ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟರೆ ಮನೆ ಸುಲಭವಾಗಿ ಸಿಗಬಹುದು. ಆದರೂ, "ಇಬ್ಬರಿದ್ದೇವೆ, 5ನೇ ತಾರೀಕಿನೊಳಗೆ ಬಾಡಿಗೆ ಕೊಡ್ತೇವೆ" ಅಂತಷ್ಟೇ ಹೇಳಿ ನೋಡಿ.

ನಮ್ಮ ಮಹಡಿ ಮೇಲಿನ ಮನೆಯನ್ನೂ ಬಾಡಿಗೆಗೆ ಕೊಡುತ್ತೇವೆ. ಅಮ್ಮನೂ ಅದನ್ನೇ ಕೇಳುತ್ತಿದ್ದರು. "ಅಪ್ಪನಿಗೂ ಹೀಗೇ ಕೇಳಿದ್ರಲ್ಲಮ್ಮಾ" ಅಂತ ಒಂದು ದಿನ ಹೇಳಿದೆ. ಅವತ್ತು ಏನೂ ಮಾತಾಡಲಿಲ್ಲ. ಈಗ ಫೋನ್ ಬಂದರೆ, "ಎಷ್ಟು ಜನ ಇದ್ದೀರಿ?" ಅಂತ ಕೇಳುತ್ತಾರೆ.